ಟ್ಯೂನಿಸ್ ಸುತ್ತಿ ಬರುವ ದಾರಿ

ಓರಾನ್,
ಸೋಮವಾರ, ಫೆಬ್ರವರಿ ೧೨

ಪ್ರೀತಿಯ ವಹೀಬಾ,

ನಿನ್ನ ಧ್ವನಿ ಸಂದೇಶಗಳನ್ನೆಲ್ಲ ಇವತ್ತು ಒಟ್ಟಿಗೆ ಕೇಳಿದೆ. ಅಮ್ಮ ಯಾಕೆ ಫೋನ್ ಎತ್ತುತ್ತಿಲ್ಲ, ಟಿಕೆಟ್ ತೆಗೆಯಲೇ, ಎಷ್ಟು ಹೊತ್ತಿಗೆ ಬಂದು ಮುಟ್ಟಬಹುದು ಎಂದು ಕೇಳಿದ್ದೀಯ. ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಅದು ಸುಲಭ.

ಕಾಸಾಬ್ಲಾಂಕಾದಿಂದ ನಮ್ಮೂರಿಗೆ ನೇರ ವಿಮಾನವಿದ್ದಾಗ ನೀನು ಊಟ ಮುಗಿಸಿ ಹೊರಟರೆ ಸಂಜೆಗೆ ಇಲ್ಲಿರುತ್ತಿದ್ದೆ. ನಿನ್ನ ಗಂಡನ ದೇಶವೂ ನಮ್ಮ ದೇಶವೂ ಜಗಳವಾಡಿ ಆಕಾಶಕ್ಕೂ ಬಾಗಿಲು ಹಾಕಿಕೊಂಡ ಮೇಲೆ, ನಮ್ಮ ದೇಶವನ್ನು ಬದಿಗೆ ಬಿಟ್ಟು ಸಮುದ್ರದ ಮೇಲೆ ಟ್ಯೂನಿಸ್‌ವರೆಗೆ ಹೋಗಬೇಕು, ಅಲ್ಲಿ ಕುರ್ಚಿಯಲ್ಲಿ ತೂಕಡಿಸಬೇಕು, ಮತ್ತೆ ಹಿಂದಕ್ಕೆ ಹಾರಬೇಕು. ಚೂರು ದಾರಿಗೆ ಇಡೀ ಹಗಲು, ಕೆಲವೊಮ್ಮೆ ರಾತ್ರಿಯೂ.

ಈ ಸುತ್ತು ದಾರಿಯಿಂದ ನಿನಗೆ ನಷ್ಟವಾಯಿತೆಂದು ಎಲ್ಲರೂ ಮರುಗುತ್ತಾರೆ. ನನಗೆ ಹಾಗನ್ನಿಸಿಲ್ಲ. ಅಪ್ಪ ತೀರಿಕೊಂಡಾಗ ನೀನು ಮೂರನೆಯ ದಿನ ಬಂದೆ. ಅಮ್ಮ ಬಾಗಿಲವರೆಗೂ ಓಡಿ, "ಅಯ್ಯೋ ನನ್ನ ಕಂದಾ, ಎಲ್ಲೆಲ್ಲೋ ಸುತ್ಕೊಂಡು ಬಂದ್ಯೇನೇ!" ಎಂದು ತಬ್ಬಿಕೊಂಡಳು. ಅಪ್ಪನ ಮಲಮೂತ್ರ ಎರಡು ವರ್ಷ ಬಳಿದವಳ ಕಡೆ ತಿರುಗಿ, "ಹೂರಿಯಾ, ಏನೇ ಕಂಬದ ಥರ ನಿಂತಿದೀಯ? ಅವಳಿಗೆ ಕಾಫಿ ಕೊಡು" ಎಂದಳು. ಕೊಟ್ಟೆ. ನೀನು ಸಕ್ಕರೆ ಸಾಲದು ಎಂದೆ.

ಈಗ ಅಮ್ಮನ ವಿಷಯ. ಗುರುವಾರ ಅವಳ ಉಸಿರಾಟ ಕೆಟ್ಟಿತು. ಡಾಕ್ಟರು ಹೆಚ್ಚೆಂದರೆ ಇನ್ನೊಂದು ದಿನ, ಇನ್ನೊಬ್ಬ ಮಗಳನ್ನೂ ಕರೆಸಿಕೊಳ್ಳಿ ಎಂದರು. ಪಕ್ಕದ ಮನೆಯ ಖೈರಾ ಅತ್ತೆ, "ಫೋನ್ ಮಾಡಿದ್ಯೇನೇ?" ಎಂದು ಬೆನ್ನು ಬಿಡಲಿಲ್ಲ. "ಮಾಡ್ದೆ ಅತ್ತೆ, ಹೊರಟಿದಾಳೆ" ಎಂದೆ. ಮಾಡಿರಲಿಲ್ಲ. ಮಂಚದಲ್ಲಿದ್ದ ಅಮ್ಮ ಅದನ್ನು ಕೇಳಿಸಿಕೊಂಡಳು. ಆಮೇಲೆ ಕಣ್ಣು ಬಿಟ್ಟಾಗಲೆಲ್ಲ ಒಂದೇ ಮಾತು: "ವಹೀಬಾ ಎಲ್ಲಿಗೆ ಬಂದ್ಲು?"

"ಟ್ಯೂನಿಸ್‌ನಲ್ಲಿ ಇಳಿದಿದಾಳಮ್ಮ."

"ಅಲ್ಲಿ ಚಳಿ ಇರತ್ತೆ ಕಣೇ. ಶಾಲು ತಂದಿದಾಳಂತಾ?"

ನಾನು ಜ್ವರದಲ್ಲಿ ಮಲಗಿದ್ದಾಗಲೂ ಯಾರೂ ನನ್ನ ಶಾಲಿನ ಬಗ್ಗೆ ವಿಚಾರಿಸಿದ್ದು ನೆನಪಿಲ್ಲ.

ಆ ಹೊತ್ತಿಗೆ ನೀನು ಮಕ್ಕಳಿಗೆ ಹರೀರಾ ಸೂಪು ಬಡಿಸುತ್ತಿದ್ದಿರಬೇಕು. ಅಮ್ಮ ನಿನಗಾಗಿ ಡಾಕ್ಟರು ಹೇಳಿದ್ದಕ್ಕಿಂತ ಒಂದಿಡೀ ದಿನ ಹೆಚ್ಚಿಗೆ ಉಸಿರಾಡಿದಳು. ಅವಳಿಗೆ ನೆಮ್ಮದಿಯಾಗಲೆಂದು ಸುಳ್ಳು ಹೇಳಿದೆನೋ, ನಿನ್ನನ್ನು ಹೊರಗಿಡಲೆಂದೋ? ನನ್ನನ್ನೇ ಕೇಳಿಕೊಂಡೆ. ಉತ್ತರ ಗೊತ್ತಾದ ಮೇಲೂ ಫೋನ್ ಕೈಗೆತ್ತಿಕೊಳ್ಳಲಿಲ್ಲ.

ಶನಿವಾರ ಮಧ್ಯಾಹ್ನ ಹೋದಳು. ಸಂಜೆಯ ನಮಾಜಿನ ನಂತರ ಮಣ್ಣು ಮಾಡಿದರು; ಹೋದವರನ್ನು ಯಾರಿಗಾಗಿಯೂ ಕಾಯಿಸುವುದಿಲ್ಲವೆಂದು ನಿನಗೂ ಗೊತ್ತು. ಖೈರಾ ಅತ್ತೆ ನೀರು ಹಾಕಿದಳು, ನಾನು ಮೈ ತೊಳೆದೆ. ಅಷ್ಟು ಹೊತ್ತು ಅಮ್ಮ ಪೂರ್ತಿ ನನ್ನೊಬ್ಬಳವಳಾಗಿದ್ದಳು.

ಇದನ್ನು ಫೋನಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಸಮಾಧಾನ ಮಾಡಬೇಕಾಗುತ್ತಿತ್ತು. ಅದನ್ನು ಬಹಳ ವರ್ಷ ಮಾಡಿದ್ದೇನೆ. ಟಿಕೆಟ್ ತೆಗೆಯಬೇಡ. ಇನ್ನು ಅವಸರವೇನೂ ಇಲ್ಲ.

ನಿನ್ನ ಅಕ್ಕ,
ಹೂರಿಯಾ

ತಾ.ಕ.: ಶನಿವಾರ ಬೆಳಿಗ್ಗೆ ಅಮ್ಮ ಮತ್ತೆ ಕೇಳಿದಳು, ಅವಳು ಬರೋದು ಇನ್ನೆಷ್ಟು ಹೊತ್ತು ಎಂದು. ಸುಸ್ತಾಯಿತೆಂದು ನೀನು ಟ್ಯೂನಿಸ್‌ನಿಂದಲೇ ಮನೆಗೆ ವಾಪಸು ಹೋದೆ ಎಂದೆ. ನಂಬಿದಳು. ಆಮೇಲೆ ಒಮ್ಮೆಯೂ ನಿನ್ನ ಹೆಸರೆತ್ತಲಿಲ್ಲ.