ಮೂರು ಕಣ್ಣು ಬಿಟ್ಟು

ಅಕ್ಟೋಬರ್ ೩

...ಮೂರು ಕಣ್ಣು ಬಿಟ್ಟು ಕತ್ತರಿಸಬೇಕು, ಅನ್ನುತ್ತಿದ್ದಳು ಹೆಂಡತಿ. ದಸರಾ ಮುಗಿದ ಮರುದಿನ, ಪ್ರತಿ ವರ್ಷ. ನಾನು ಪೇಪರ್ ಹಿಂದಿನಿಂದ ಹೂಂ ಎನ್ನುತ್ತಿದ್ದೆ. ಬುಡದ ಮೂರು ಚಿಗುರುಗಣ್ಣು ಉಳಿಸಿ ಮೇಲಿನದೆಲ್ಲ ಕತ್ತರಿಸುವುದೋ, ತುದಿಯ ಮೂರನ್ನಷ್ಟೇ ತೆಗೆಯುವುದೋ? ಈಗ ತಿಳಿಯುತ್ತಿಲ್ಲ.

ಗಿಡ ಒಂದೇ. ಗೇಟಿನ ಹೊರಗೆ, ರಸ್ತೆಗೆ ಹತ್ತಿಕೊಂಡು. ಮದುವೆಯಾದ ವರ್ಷ ಸದಲಗಾದ ತವರಿನಿಂದ ತಂದು ನೆಟ್ಟ ಗುಲಾಬಿ. ತಪ್ಪು ಕಡೆ ಕತ್ತರಿಸಿದರೆ ಹೋದೀತು.

ಮಾಳೇಶನನ್ನು ಕರೆಸಿದೆ. ದ್ರಾಕ್ಷಿ ಛಾಟಣಿಯಲ್ಲಿ, ಬಳ್ಳಿ ಸವರುವುದರಲ್ಲಿ, ಅವನನ್ನು ಮೀರಿಸುವವರಿಲ್ಲ.

"ದ್ರಾಕ್ಷಿ ಆದ್ರ ಕಣ್ಣ ಮುಚ್ಚಿ ಕತ್ತರಸ್ತೀನ್ರಿ ಸರ. ಗುಲಾಬೀದ ಅಕ್ಕಾರನ್ನ ಕೇಳ್ರಿ" ಎಂದ. ಆಮೇಲೆ ಕತ್ತರಿಯನ್ನು ಒರೆಸುತ್ತ ಕುಳಿತ. ಅದು ಸ್ವಚ್ಛವಾಗಿಯೇ ಇತ್ತು.

ಅಕ್ಟೋಬರ್ ೫, ಭಾನುವಾರ

ಕೇಳಲು ಹೋದೆ. ಶಿರಗುಪ್ಪಿ ಬಸದಿ. ಜೊತೆಗೆ ತಂಗಿ ಮಂಗಲ.

ಫೆಬ್ರುವರಿಯಲ್ಲಿ ಅವಳಿಗೆ ಜೈನ ಸನ್ಯಾಸ ದೀಕ್ಷೆಯಾಯಿತು. ಒಪ್ಪಿಗೆ ಪತ್ರಕ್ಕೆ ಸಹಿ ನನ್ನದೇ. ಅಂದು ಕೂದಲನ್ನು ಕೈಯಿಂದಲೇ ಕಿತ್ತರು, ಕತ್ತರಿ ಮುಟ್ಟಿಸಲಿಲ್ಲ. ಹೆಸರೂ ಬೇರೆಯಾಯಿತು.

ಸಾಲಿನಲ್ಲಿ ನಿಂತು, ಸರದಿ ಬಂದಾಗ 'ವಂದಾಮಿ ಮಾತಾಜಿ' ಎನ್ನಬೇಕು. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು—

"ತ್ರಿಶಲಾ, ಗುಲಾಬಿ..."

ಆಕೆ ನವಿಲುಗರಿಯ ಪಿಂಛಿಯಿಂದ ಮುಂದಿನ ನೆಲ ಸವರಿದರು. ತಲೆ ಎತ್ತಲಿಲ್ಲ.

"ಗಿಡಾ ಕಡಿಯೂ ಮಾತ ನಾವು ಆಡಾಂಗಿಲ್ಲ, ಶ್ರಾವಕರೇ."

ಶ್ರಾವಕರೇ. ಬಸದಿಗೆ ಬರುವ ಯಾವ ಗೃಹಸ್ಥನಿಗೂ ಅನ್ನುವ ಹಾಗೆ.

ಸ್ಕೂಟರಿನ ಹಿಂದೆ ಕುಳಿತು ಮಂಗಲ ಕಾಗವಾಡದವರೆಗೂ ಬೈದಳು. ಮನೆ ಮುಂದೆ ಇಳಿದ ಮೇಲೆ ದನಿ ಇಳಿಸಿ, "ಅಣ್ಣಾ, ನೀ ಖರೇನ ಗುಲಾಬಿ ಕೇಳಾಕ ಹೋಗಿದ್ದೇನೋ?" ಎಂದಳು.

ಅಕ್ಟೋಬರ್ ೬

ಕತ್ತರಿಸಿದೆ. ಬುಡದ ಮೂರು ಕಣ್ಣು ಉಳಿಸಿ. ಗಾಯಕ್ಕೆ ಅರಿಷಿಣ. ಗಿಡ ಮೊಣಕಾಲಿಗೂ ಬರುವುದಿಲ್ಲ ಈಗ.

ಬುಡದ ಮಣ್ಣು ಕೆದಕಲಿಲ್ಲ. ಚಾತುರ್ಮಾಸ ಮುಗಿಯುವ ತನಕ ಬೇಡ, ಹುಳು ಸಾಯುತ್ತವೆ. ಅವಳ ಈ ಮಾತೊಂದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಅಕ್ಟೋಬರ್ ೧೯

ಹದಿಮೂರು ದಿನ. ಏನೂ ಇಲ್ಲ. ಎರಡು ಕಡ್ಡಿ ಕಪ್ಪಾಗಿವೆ.

ಮಾಳೇಶ ಉಗುರಿನಿಂದ ತೊಗಟೆ ಕೆರೆದ. "ಒಳಗ ಹಸರ ಐತ್ರಿ" ಎಂದ. ನನಗೆ ತೋರಿಸಲಿಲ್ಲ.

ಅಕ್ಟೋಬರ್ ೨೪, ಬೆಳಿಗ್ಗೆ ೮

ಚಾತುರ್ಮಾಸ ಮುಗಿಯಿತು. ಮಾತಾಜಿಗಳ ಸಂಘ ಮಂಗಸೂಳಿ ಕಡೆಗೆ ಹೊರಟಿತು, ನಮ್ಮ ರಸ್ತೆಯಿಂದಲೇ. ಇನ್ನು ಈ ಕಡೆ ಯಾವಾಗ ಬರುತ್ತಾರೆಂದು ಯಾರೂ ಹೇಳಲಾರರು.

ಗೇಟಿನಲ್ಲಿ ಕೈಮುಗಿದು ನಿಂತಿದ್ದೆ. ಬಿಳಿ ಸೀರೆಯ ಐವರು. ನಾಲ್ಕನೆಯವರು ಆಕೆ. ನಾಲ್ಕು ಮೊಳ ಮುಂದಿನ ನೆಲವನ್ನಷ್ಟೇ ನೋಡುತ್ತ, ಇರುವೆಯನ್ನೂ ತುಳಿಯದ ಹಾಗೆ. 'ವಂದಾಮಿ ಮಾತಾಜಿ' ಎಂದೆ. ಈ ಸಲ ತಪ್ಪಲಿಲ್ಲ. ಗಿಡದ ಹತ್ತಿರ ಹೆಜ್ಜೆ ತುಸು ಪಕ್ಕಕ್ಕೆ ಸರಿಯಿತು. ಇರುವೆ ಸಾಲು ಇದ್ದೀತು. ಹೋದರು.

ಅದೇ ದಿನ, ಸಂಜೆ

ಮಣ್ಣು ಸಡಿಲಿಸಿ ಗೊಬ್ಬರ ಹಾಕಲು ಕುಳಿತೆ. ಇರುವೆ ಇರಲಿಲ್ಲ. ತೀರ ಬುಡದಲ್ಲಿ, ನೆಲಕ್ಕೆ ತಾಗಿದಂತೆ, ಕೆಂಪಗೆ ಒಂದು ಕಣ್ಣು ಬಿಟ್ಟಿದೆ. ಬೆಳಿಗ್ಗೆಯೂ ಇದ್ದಿರಬೇಕು. ನಾನು ಆಕೆಯ ಮುಖವನ್ನು ನೋಡುತ್ತಿದ್ದೆ. ನೆಲ ನೋಡುತ್ತ ನಡೆಯುವವರಿಗೆ ಮಾತ್ರ ಕಾಣುವ ಎತ್ತರ ಅದು.

ನಿಮಗೆ... ನಿನಗೆ ಕಂಡಿತೇನು, ತ್ರಿ—