ಪ್ರವಾಹದ ಗೆರೆಗಳು

ಅಕ್ಟೋಬರ್ 9, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮೂರಿನ ಚಾವಣಿ ಹೊದ್ದ ಮರದ ಸೇತುವೆ ದುರಸ್ತಿಯಾಗಿ ಇಂದು ತೆರೆಯಿತು. ಫೋಟೋ ತೆಗೆಯಲು ನನ್ನನ್ನೇ ಕರೆದಿದ್ದರು. ಒಳಗೆ ಹೋಗಿ ನೋಡಿದರೆ, ಪ್ರತಿ ಪ್ರವಾಹದಲ್ಲೂ ನೀರು ಎಲ್ಲಿಯವರೆಗೆ ಏರಿತ್ತೆಂದು ಊರವರು ಕಂಬದ ಮೇಲೆ ಚಾಕುವಿನಿಂದ ಕೊರೆದಿಟ್ಟ ಗೆರೆಗಳೇ ಇಲ್ಲ.

"ಗೀಚಿದ್ದನ್ನೆಲ್ಲ ಉಜ್ಜಿಸಿಬಿಟ್ಟೆ. ಈಗ ನೋಡಿ, ಹೇಗೆ ಹೊಳೀತಿದೆ," ಎಂದ ಗುತ್ತಿಗೆದಾರ ಮೆರಿಟ್.

"ಗೀಚಿದ್ದಲ್ಲಪ್ಪ ಅದು. ಸಾವಿರದೊಂಬೈನೂರ ಇಪ್ಪತ್ತೇಳನೇ ಇಸವಿ ಪ್ರವಾಹದ್ದು ನಮ್ಮಪ್ಪ ಕೊರೆದಿದ್ದು," ಎಂದರು ಊರಿನ ತೊಂಬತ್ತರ ಅಜ್ಜಿ ಆರ್ಫಾ. ಆಮೇಲೆ ನನ್ನ ಕಡೆ ತಿರುಗಿ, "ನಿನ್ ಹತ್ರ ಹಳೇ ಫೋಟೋ ಇರುತ್ತಲ್ಲ ಮಗಾ, ಕೊಡು. ನೋಡ್ಕೊಂಡು ಮತ್ತೆ ಕೊರೆಸ್ತೀನಿ," ಎಂದರು.

ಮನೆಗೆ ಬಂದು ಇಪ್ಪತ್ತು ವರ್ಷದ ಫೋಟೋಗಳನ್ನೆಲ್ಲ ಜಾಲಾಡಿದೆ. ಕೆಂಪೆಲೆ, ಹಿಮ, ಹೊಳೆಯಲ್ಲಿ ಸೇತುವೆಯ ನೆರಳು, ಎಲ್ಲವೂ ಹೊರಗಿನಿಂದ ತೆಗೆದವೇ. ದಿನವಿಡೀ ಮೆರಿಟ್‌ನನ್ನು ಬೈದೆ. ಒಳಗೆ ಬೆಳಕು ಸಾಲದೆಂದು ಒಂದು ಸಲವೂ ಕ್ಯಾಮೆರಾ ಎತ್ತದವನು ನಾನು.