ಮಸಣದ ಮೇಲೆ ಬಳಿದ ಜೋಳ

ಸನತ್‌ನಗರ, ಹೈದರಾಬಾದು
೯ ನವೆಂಬರ್ ೧೯೮೩

ಅಕ್ಕ ಬಸಲಿಂಗಮ್ಮನಿಗೆ ನಿನ್ನ ತಮ್ಮ ಅಮರೇಶಪ್ಪನ ಶರಣು.

ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ; ಹಾಕಿದರೆ ಊರಲ್ಲಿ ಸಾವಕಾರನ ಕಟ್ಟೆಯ ಮೇಲೆ ಒಡೆದು ಓದುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಶಿವಾನಂದನ ಕೈಲಿ ಕಳಿಸಿದ್ದೇನೆ. ಓದಿ ಒಲೆಗೆ ಹಾಕು. ಅವನ ಜೊತೆಗೇ ಹೊರಟು ಬಾ.

ನಾನು ಹೆದರಿದ್ದೇನೆ. ಮುಚ್ಚಿಟ್ಟು ಏನು ಮಾಡಲಿ?

ಕೇರಿಯ ಗೋಡೆಗೆ ಇದ್ದಲಿನಲ್ಲಿ ಗುಡ್ಡ ಗೀಚುತ್ತಿದ್ದವನಿಗೆ ಯಾವ ಗುರುವೂ ಇರಲಿಲ್ಲ. ಬಾಲಾನಗರದ ಕಾರ್ಖಾನೆಗಳಲ್ಲಿ ತೆಲುಗು, ಉರ್ದು, ಹಿಂದಿಯಲ್ಲಿ ‘ಅಪಾಯ’ ಅಂತ ಹದಿನೈದು ವರ್ಷ ಬೋರ್ಡು ಬರೆದೆ. ರಜೆ ಸಿಕ್ಕಾಗ ಊರಿನ ಹಳ್ಳ, ದಿಬ್ಬ, ಬಯಲು ಬರೆದೆ. ಹೋದ ತಿಂಗಳು ಅವನ್ನು ಇಲ್ಲಿಯ ಒಂದು ಸಭಾಂಗಣದಲ್ಲಿ ತೂಗುಹಾಕಿದರು. ದೊಡ್ಡ ಮಂದಿ ಬಂದು, ಒಂದು ಚಿತ್ರದ ಮುಂದೆ ನಿಂತು, ಎಂಥ ಶಾಂತಿ ಅಂದರು. ಯಾರ ಶಾಂತಿ? ಅಪ್ಪನನ್ನು ಹೂತ ಮೂರನೆಯ ದಿನ ಅಲ್ಲೇ ಕೂತು ಬರೆದ ನೆಲ ಅದು.

ತಪ್ಪು ನನ್ನದೇ. ಬೇರೆ ಚಿತ್ರಕಾರರು ಮೂಲೆಯಲ್ಲಿ ಸಹಿ ಮಾಡಿ ಬಿಡುತ್ತಾರೆ. ಬೋರ್ಡು ಬರೆಯುವ ಕೈ ಸುಮ್ಮನಿರುತ್ತದೆಯೇ? ಆ ಚಿತ್ರದ ಮೇಲೆ ಊರಿನ ಹೆಸರು ಹಾಕಿ, ‘ಕೇರಿಯ ಮಸಣ, ೧೯೭೧’ ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಗೋರಿಗಳು ಎಷ್ಟು, ಬಾಂದುಗಲ್ಲು ಎಲ್ಲಿ, ಎಲ್ಲ ಅದರಲ್ಲಿದೆ. ಸಾವಕಾರ ಆ ಕಲ್ಲು ಕಿತ್ತು, ಗೋರಿಗಳ ಮೇಲೆ ನೇಗಿಲು ಹೊಡೆದ. ಕೇರಿಯವರ ದಾವೆಗೆ, ಅಲ್ಲಿ ಮಸಣವೇ ಇರಲಿಲ್ಲ ಅಂತ ಕೋರ್ಟಿನಲ್ಲಿ ಹೇಳುತ್ತಿದ್ದಾನೆ. ಇತ್ತು ಅನ್ನುವ ನನ್ನ ಚಿತ್ರದ ಸುದ್ದಿ ಅವನಿಗೂ ಮುಟ್ಟಿತು.

ಭಾನುವಾರ ಮಧ್ಯಾಹ್ನ ಅವನ ಅಳಿಯ ಇಬ್ಬರನ್ನು ಕಟ್ಟಿಕೊಂಡು ನನ್ನ ಖೋಲಿಗೆ ಬಂದ. ಚಹಾ ತರಿಸಿಕೊಂಡು ಕುಡಿದ. ಆಮೇಲೆ ನಗುತ್ತಲೇ ಹೇಳಿದ: “ಏನೋ ಪೇಂಟರಪ್ಪ, ನಮ್ಮ ಹೊಲದಾಗ ನಿಮ್ಮ ಹೆಣ ಯಾಕ ಬರದೀ? ಅಳಿಸಿಬಿಡು. ನಿಮ್ಮಕ್ಕ ದಿನಾ ಒಬ್ಬಾಕಿನ ಆ ದಾರೀಲೆ ನೀರಿಗೆ ಹೋಗತಾಳ. ನಾವೂ ನೋಡಾಕತ್ತೀವಿ.”

ಸಭಾಂಗಣದಿಂದ ವಾಪಸು ತಂದಿಟ್ಟಿದ್ದ ಚಿತ್ರ ತೆಗೆದು, ಅವರ ಎದುರಿಗೇ ಗೋರಿಗಳ ಮೇಲೆ ಜೋಳದ ಬೆಳೆ ಬಳಿದೆ. ಅಕ್ಷರದ ಮೇಲೂ ಬಳಿದೆ. ಅಪ್ಪನನ್ನು ಎರಡನೆಯ ಸಲ ಹೂತೆ. ಬೆಳಿ ಭಾಳ ಚಂದ ಬಂತು ಅಂತ ಅಳಿಯ ಬೆನ್ನು ತಟ್ಟಿ ಹೋದ.

ಉಗಿಯುವುದಿದ್ದರೆ ಬಂದು ಉಗಿ. ಬಾಗಿಲು ಸದ್ದಾದರೆ ದೀಪ ಆರಿಸಿ ಕೂರುತ್ತೇನೆ. ಹೊರಡುವತನಕ ನೀರಿಗೆ ಒಬ್ಬಳೇ ಹೋಗಬೇಡ.

ನಿನ್ನ ದಾರಿ ಕಾಯುವ
ಅಮರೇಶಪ್ಪ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಚಿತ್ರ ಎಣ್ಣೆಬಣ್ಣದ್ದು, ಜೋಳ ಬಳಿದದ್ದು ನೀರುಬಣ್ಣದಲ್ಲಿ. ಒದ್ದೆ ಅರಿವೆ ಆಡಿಸಿದರೆ ಗೋರಿಗಳೆಲ್ಲ ಎದ್ದು ಬರುತ್ತವೆ. ಕೋರ್ಟಿನ ವಾಯಿದೆ ಇಪ್ಪತ್ತೊಂದಕ್ಕೆ; ಅವತ್ತು ಈ ಚಿತ್ರ ಅಲ್ಲಿರಬೇಕು. ನೀನು ಇಲ್ಲಿಗೆ ಬಂದಿಳಿಯುವತನಕ ಒರೆಸುವುದಿಲ್ಲ. ನೀನು ಬರದಿದ್ದರೆ ಒರೆಸುವ ಧೈರ್ಯ ನನಗಿಲ್ಲ ಅಕ್ಕ.